ನೀರುಗಂಟಿಯಿಲ್ಲದ ಕೆರೆ

ಅಪತಾನಿಗಳ ಗದ್ದೆಗಳನ್ನು ಹೊಗಳುವುದು ಈಚಿನ ವರ್ಷಗಳಲ್ಲಿ ವಿದ್ಯಾವಂತರ ಮನೆಗಳಲ್ಲಿ ಒಂದು ಸದಾಚಾರವೇ ಆಗಿಬಿಟ್ಟಿದೆ. ಅರುಣಾಚಲ ಪ್ರದೇಶದ ಜಿರೋ ಕಣಿವೆಯು ಸಮುದ್ರಮಟ್ಟಕ್ಕೆ ಸುಮಾರು 1,500 ಮೀಟರು ಎತ್ತರದಲ್ಲಿ ಬೆಟ್ಟಗಳ ನಡುವೆ ತಟ್ಟೆಯಂತೆ ಹರಡಿರುವ ಭೂಮಿ. ಅಲ್ಲಿಯ ಜನರ ಪೂರ್ವಿಕ ಬೇಸಾಯದಲ್ಲಿ ನೇಗಿಲಿಲ್ಲ, ಎತ್ತಿಲ್ಲ. ಗುದ್ದಲಿಯಿಂದಲೇ ಕೆಸರನ್ನು ಹದಗೊಳಿಸಿ, ತಲೆಮಾರುಗಳಿಂದ ಒಂದೇ ಗದ್ದೆಯಲ್ಲಿ ವರ್ಷವರ್ಷವೂ ಬತ್ತವನ್ನು ಬೆಳೆದುಕೊಂಡು ಬಂದಿದ್ದಾರೆ. ನೀರು ನಿಂತ ಮಡಿಯಲ್ಲಿ ಬತ್ತ, ಅದರ ಬದುವಿನ ಮೇಲೆ ರಾಗಿ, ಮಡಿಯೊಳಗಿನ ತೋಡಿನಲ್ಲಿ ಮೀನು. 2014ರಲ್ಲಿ ಈ ಕಣಿವೆಯು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನೂ ಸೇರಿತು. ಮುದ್ದೆಯೂಟದ ಸೀಮೆಯವರಿಗಂತೂ, ಹಿಮಾಲಯದ ತಪ್ಪಲಿನಲ್ಲಿ ಗದ್ದೆಯ ಬದುವಿನ ಮೇಲೆ ರಾಗಿ ತೂಗುತ್ತದೆಂಬ ವಾರ್ತೆಯು ನೆಂಟರ ಮನೆಯ ಸಮಾಚಾರದಷ್ಟು ಇಂಪಾಗಿ ಕೇಳಿಸುವುದು ಸಹಜವೇ.

ಹೊಗಳಿಕೆ ತಪ್ಪಲ್ಲ. ಆದರೆ ಹೊಗಳುವವರ ಕಣ್ಣು ಬಿದ್ದಿರುವುದು ತಕ್ಕ ಸ್ಥಳದಲ್ಲಿ ಅಲ್ಲ. ರಾಗಿಯನ್ನು ನೋಡಿದವರುಂಟು, ಮೀನನ್ನು ನೋಡಿದವರುಂಟು, (ಆ ಮೀನಿನ ಸಾಕಣೆಯು 1960ರ ಈಚೆಗೆ ಸರ್ಕಾರದ ಇಲಾಖೆಯ ಪ್ರೋತ್ಸಾಹದಿಂದ ಹಬ್ಬಿದುದೆಂಬುದನ್ನು ತಿಳಿದರೆ ‘ಪುರಾತನ ಜ್ಞಾನ’ದ ಭಕ್ತರಿಗೆ ಕೊಂಚ ಮುಜುಗರವಾದೀತು.) ನೀರು ಒಂದು ಮಡಿಯಿಂದ ಇನ್ನೊಂದು ಮಡಿಗೆ ಇಳಿಯುವ ಬಿದಿರಿನ ಕೊಳವೆಯನ್ನೂ ಕೆಲವರು ನೋಡಿದ್ದಾರೆ. ಆ ಕೊಳವೆಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ಮೇಲಿನ ಗದ್ದೆಯವನು ಕೆಳಗಿನವನ ಪಾಲನ್ನು ತಡೆದರೆ ಕೇಳುವವರಾರು ಎಂಬುದನ್ನು ವಿಚಾರಿಸಿದವರು ವಿರಳ. ಅಪತಾನಿಗಳಲ್ಲಿ ಒಂದು ಕಾಲುವೆಯ ನೀರನ್ನು ಉಣ್ಣುವ ಗದ್ದೆಗಳ ಒಡೆಯರೆಲ್ಲರೂ ಸೇರಿ ಒಂದು ಕೂಟ. ಅದಕ್ಕೆ ‘ಬೊಗೊ’ ಎಂದು ಹೆಸರು. ಆ ಕೂಟಕ್ಕೆ ಒಬ್ಬ ಮೇಲ್ವಿಚಾರಕನುಂಟು. ಕಾಲುವೆಯ ದುರಸ್ತಿಗೆ ಜನರನ್ನು ಕರೆಯುವುದೂ ನೀರಿನ ಸರದಿಯನ್ನು ನೋಡುವುದೂ ಅವನ ಹೊಣೆ. ಜಿರೋ ಕಣಿವೆಯ ಬತ್ತವನ್ನು ಇಂದಿನವರೆಗೆ ಕಾಪಾಡಿದ್ದು ರಾಗಿಯೂ ಅಲ್ಲ, ಮೀನೂ ಅಲ್ಲ. ಹೆಸರಿಟ್ಟು ಕರೆಯಬಹುದಾದ, ತಪ್ಪಿದರೆ ಎದುರು ನಿಲ್ಲಿಸಿ ಕೇಳಬಹುದಾದ ಈ ಒಬ್ಬ ಮನುಷ್ಯನು.

ಅಂತಹ ಮನುಷ್ಯನು ಕೊಳ್ಳೇಗಾಲದ ಸೀಮೆಯಲ್ಲಿಯೂ ಇದ್ದನು. ಅವನಿಗೆ ನೀರುಗಂಟಿ ಎಂದು ಹೆಸರು.

ಬಂಡಳ್ಳಿಯ ಸುತ್ತಣ ಭೂಮಿಯನ್ನು ಬಲ್ಲವರಿಗೆ ಇಲ್ಲಿ ಗದ್ದೆಯ ಮಾತೇಕೆ ಎಂಬ ಸಂಶಯ ಬರಬಹುದು. ಹನೂರಿನ ಕಡೆಯ ಹೊಲಗಳು ಬಹುಮಟ್ಟಿಗೆ ಆಕಾಶವನ್ನು ನಂಬಿದವು. ರಾಗಿ, ಜೋಳ, ಹುರುಳಿ, ಅವರೆಗಳೇ ಇಲ್ಲಿಯ ಮುಖ್ಯ ಫಸಲು. ಪೂರ್ವಕ್ಕೆ ಮಲೆಮಾದೇಶ್ವರನ ಬೆಟ್ಟಸಾಲು, ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು. ಇವೆರಡರ ನಡುವೆ ಇಳಿದು ಬರುವ ಹಳ್ಳಗಳು ವರ್ಷದಲ್ಲಿ ಕೆಲವು ದಿನ ಮಾತ್ರ ಹರಿಯುವವು. ಮುಂಗಾರು ಇಲ್ಲಿಗೆ ಬರುವಷ್ಟರಲ್ಲಿ ಬಡಕಲಾಗಿರುತ್ತದೆ. ಹಿಂಗಾರು ಬಂದರೆ ಒಮ್ಮೆಲೇ ಬಂದು ಒಮ್ಮೆಲೇ ಹೋಗಿಬಿಡುತ್ತದೆ. ಆದುದರಿಂದಲೇ ಇಲ್ಲಿ ಕೆರೆಯೆಂಬುದು ಅನಿವಾರ್ಯವಾಯಿತು. ನದಿಯ ಸೀಮೆಯಲ್ಲಿ ಗದ್ದೆಯು ನದಿಯ ಕೃಪೆ. ಒಣಸೀಮೆಯಲ್ಲಿ ಗದ್ದೆಯು ಮನುಷ್ಯರ ಒಪ್ಪಂದ. ಕೆಳಗೆ ಕೊಳ್ಳೇಗಾಲದ ಬಯಲಿನಲ್ಲಿ ಕಾವೇರಿಯೂ ಯಳಂದೂರಿನ ಬಯಲಿನಲ್ಲಿ ಸುವರ್ಣಾವತಿಯೂ ಬತ್ತಕ್ಕೆ ಆಧಾರವಾಗಿದ್ದರೆ, ಮೇಲಿನ ಹಳ್ಳಿಗಳಲ್ಲಿ ನಾಲ್ಕಾರು ಎಕರೆ ಗದ್ದೆಯೆಂಬುದಿದ್ದಲ್ಲಿ ಅದು ಕೆರೆಯ ಏರಿಯ ಕೆಳಗೇ ಇದ್ದಿತು. ಹಬ್ಬದ ದಿನದ ಅನ್ನವು ಆ ಗದ್ದೆಯದು. ಉಳಿದ ದಿನಗಳ ಮುದ್ದೆಯು ಹೊಲದ್ದು.

ಕೆರೆಯೆಂದರೆ ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳೆಂದು ಶಾಲೆಯ ಹುಡುಗರಿಗೆ ಕಲಿಸುವುದುಂಟು. ನಾಲ್ಕನೆಯ ಅಂಗವನ್ನು ಪಾಠದಲ್ಲಿ ಬಿಟ್ಟುಬಿಟ್ಟಿದ್ದಾರೆ. ರಾತ್ರಿಯಲ್ಲಿ ಮಳೆ ಹೊಯ್ಯತೊಡಗಿದರೆ ಕಂಬಳಿಯನ್ನು ಹೊದ್ದು ಏರಿಯ ಮೇಲೆ ಹೋಗಿ ತೂಬನ್ನು ಮುಚ್ಚಿ ಬರುವವನು ಅವನು. ಏಡಿಯೂ ಹೆಗ್ಗಣವೂ ಏರಿಯಲ್ಲಿ ಕೊರೆದ ರಂಧ್ರಗಳು ಮೊದಲು ಬೀಳುವುದು ಅವನ ಕಣ್ಣಿಗೆ. ಕೆರೆಯಲ್ಲಿ ಎಷ್ಟು ನೀರಿದ್ದರೆ ಎಷ್ಟು ಗದ್ದೆಗೆ ಎಷ್ಟು ದಿನ ಸಾಕೆಂಬುದನ್ನು ತೂಬಿನ ಕಲ್ಲಿನ ಗುರುತಿನಿಂದಲೇ ಹೇಳಬಲ್ಲನು. ತಲೆಗದ್ದೆಯವನು ಶ್ರೀಮಂತನಾಗಿದ್ದರೂ ಅವನ ಮಡಿ ತುಂಬಿದೊಡನೆ ಬಾಯಿ ಕಟ್ಟಿ, ನೀರನ್ನು ಬಾಲದ ಗದ್ದೆಗೆ ತಿರುಗಿಸುವನು. ನಾಟಿಯ ಕಾಲದಲ್ಲಿ ಒಂದು ಹದ, ತೆನೆ ಹಾಲುಗಟ್ಟುವ ಕಾಲದಲ್ಲಿ ಇನ್ನೊಂದು ಹದ, ಕೊಯ್ಲಿಗೆ ಮುಂಚೆ ಗದ್ದೆಯನ್ನು ಒಣಗಿಸುವುದು ಮತ್ತೊಂದು. ಈ ಮೂರನ್ನೂ ಅಚ್ಚುಕಟ್ಟೆಲ್ಲಕ್ಕೂ ಒಂದೇ ಸಮನಾಗಿ ನಡೆಸಬೇಕಾದರೆ ಗದ್ದೆಯ ಒಡೆಯರೊಬ್ಬೊಬ್ಬರೂ ಗುದ್ದಲಿ ಹಿಡಿದು ತೂಬಿನ ಬಳಿ ನಿಂತರೆ ಸಾಗದು. ಸಾಗುವುದು ಬಡಿದಾಟ ಮಾತ್ರ. ಆದಕಾರಣ ಊರವರೆಲ್ಲರೂ ತಮ್ಮ ಕೈಗಳನ್ನು ಕಟ್ಟಿಕೊಂಡು ಒಬ್ಬನ ಕೈಗೆ ತೂಬನ್ನು ಒಪ್ಪಿಸಿದರು. ಇದಕ್ಕೆ ಪ್ರತಿಫಲವಾಗಿ ಕಣದಲ್ಲಿ ಒಬ್ಬೊಬ್ಬ ಗದ್ದೆಯವನೂ ಕೊಡುವ ಬತ್ತದ ಕಂತೆ. ಕೆಲವೆಡೆ ಒಂದಿಷ್ಟು ಇನಾಮು ಭೂಮಿ.

ಕೆರೆಯ ಕೆಳಗಿನ ಫಸಲೇ ಕೆರೆಯ ಖರ್ಚನ್ನು ಹೊರಬೇಕೆಂಬ ಈ ನ್ಯಾಯವು ಬಹು ಹಳೆಯದು. ಗಂಗರ ಕಾಲದ ಶಾಸನಗಳಲ್ಲಿ ಕಾಣುವ ‘ಬಿತ್ತುವಟ್ಟ’ವೂ, ಅನಂತರದ ಶಾಸನಗಳ ‘ಕಟ್ಟುಕೊಡಗೆ’ಯೂ ಇದನ್ನೇ ಸಾರುತ್ತವೆ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನೆದು ಕಣ್ಣೀರಿಡದ ಕನ್ನಡದ ಮನೆಯಿಲ್ಲ. ಕೆರೆಯನ್ನು ದಿನದಿನವೂ ನಡೆಸಿದವನ ಹೆಸರು ಮಾತ್ರ ಕಲ್ಲಿನಲ್ಲಿಯೂ ಇಲ್ಲ, ಹಾಡಿನಲ್ಲಿಯೂ ಇಲ್ಲ.

ಇದಕ್ಕೆ ಕಾರಣವನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಮೈಸೂರು ಸೀಮೆಯ ಬಹುತೇಕ ಹಳ್ಳಿಗಳಲ್ಲಿ ನೀರುಗಂಟಿಯು ಅಸ್ಪೃಶ್ಯರೆನಿಸಿಕೊಂಡ ಜಾತಿಗಳಿಗೆ ಸೇರಿದವನು. ಊರಿನ ಗದ್ದೆಗಳಿಗೆಲ್ಲ ನೀರನ್ನು ಹಂಚುವ ಅಧಿಕಾರ ಅವನದು. ಊರೊಳಗಿನ ಬಾವಿಯಿಂದ ಒಂದು ಕೊಡ ನೀರನ್ನು ಸೇದುವ ಅಧಿಕಾರ ಮಾತ್ರ ಅವನಿಗಿರಲಿಲ್ಲ. ಅವನ ಕೈ ಮುಟ್ಟಿದ ನೀರು ಗದ್ದೆಯಲ್ಲಿ ಹರಿದು ಬತ್ತವಾದರೆ ಶುದ್ಧ. ಬಿಂದಿಗೆಯಲ್ಲಿ ನಿಂತರೆ ಅಶುದ್ಧ. ಇಂತಹ ತರ್ಕವನ್ನು ಶತಮಾನಗಳ ಕಾಲ ನಡೆಸಿದ ಸಮಾಜವು ತನ್ನ ‘ಗ್ರಾಮಸ್ವರಾಜ್ಯ’ದ ಸೊಬಗನ್ನು ಕುರಿತು ಮಾತನಾಡುವಾಗ ಸ್ವಲ್ಪ ತಲೆ ತಗ್ಗಿಸುವುದು ಒಳ್ಳೆಯದು. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚೌದಾರ್ ಕೆರೆಗೆ ಜನರನ್ನು ಕರೆದೊಯ್ದು ನೀರನ್ನು ಕುಡಿದುದು ಯಾವ ಅನ್ಯಾಯಕ್ಕೆ ಎದುರಾಗಿಯೋ, ಆ ಅನ್ಯಾಯವು ಈ ಸೀಮೆಯ ಕೆರೆಯ ಏರಿಯ ಮೇಲೆಯೂ ಇದ್ದಿತು. ಕಂಬಳಿ ಹೊದ್ದು ನಡುರಾತ್ರಿಯಲ್ಲಿ ಹೋದವನು ಬರಿಯ ಕರ್ತವ್ಯನಿಷ್ಠೆಯಿಂದ ಹೋದನೆಂದು ಹೇಳುವುದು ಸುಖಾಸನದ ಮಾತು. ಹೋಗದಿದ್ದರೆ ಬದುಕಿಲ್ಲವೆಂದು ಹೋದನು. ಅವನ ಮಗನಿಗೂ ಬೇರೆ ದಾರಿಯಿರಲಿಲ್ಲ.

ಹೀಗಿರಲು 1961ರಲ್ಲಿ ಮೈಸೂರು ರಾಜ್ಯದ ಶಾಸನಸಭೆಯು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದುದು ನ್ಯಾಯವೇ ಆಯಿತು. ಆ ಕಾನೂನು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಶಾನುಭೋಗ, ಪಟೇಲರ ಹುದ್ದೆಗಳೊಡನೆ ತೋಟಿ, ತಳವಾರ, ನೀರುಗಂಟಿಗಳ ಚಾಕರಿಯೂ ಕೊನೆಗೊಂಡಿತು. ಇನಾಮು ಭೂಮಿಯನ್ನು ಅನುಭವಿಸುತ್ತಿದ್ದವರಿಗೇ ಮರಳಿ ಕೊಡುವ ಏರ್ಪಾಡಾಯಿತು. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು ಆಗತಾನೆ ಕನ್ನಡನಾಡನ್ನು ಕೂಡಿಕೊಂಡಿದ್ದಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದತ್ತವಾದ ಜಹಗೀರು. ಒಂದು ಗಾವುದದ ಅಂತರದಲ್ಲಿ ಎರಡು ಸರ್ಕಾರಗಳ ಎರಡು ಬಗೆಯ ರೂಢಿಗಳನ್ನು ಕಂಡಿದ್ದ ಈ ಊರುಗಳೆಲ್ಲವೂ ಈ ಕಾನೂನಿನ ಮುಂದೆ ಒಂದಾದುವು.

ಆದರೆ ಹೊರಗೆಸೆದುದರಲ್ಲಿ ಎರಡು ಪದಾರ್ಥಗಳಿದ್ದುವು. ಒಂದು, ಹುಟ್ಟಿನಿಂದ ಬಂದ ಬಿಟ್ಟಿಚಾಕರಿ. ಇನ್ನೊಂದು, ತೂಬಿನ ಕೆಲಸ. ಮೊದಲನೆಯದನ್ನು ಎಸೆದುದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಎರಡನೆಯದನ್ನು ಎತ್ತಿಕೊಂಡವರಾರು? ಶಾನುಭೋಗನು ಹೋದ ಸ್ಥಳಕ್ಕೆ ಸಂಬಳದ ಗ್ರಾಮಲೆಕ್ಕಿಗನು ಬಂದನು. ಲೆಕ್ಕವನ್ನು ಬರೆಯುವ ಕೆಲಸವು ಮೇಲುಜಾತಿಯ ಕೈಯಲ್ಲಿದ್ದುದರಿಂದ ಅದು ‘ಉದ್ಯೋಗ’ವೆನಿಸಿತು, ಒಬ್ಬನು ಹೋದರೆ ಇನ್ನೊಬ್ಬನನ್ನು ನೇಮಿಸಬೇಕೆಂಬುದು ಎಲ್ಲರಿಗೂ ಹೊಳೆಯಿತು. ತೂಬಿನ ಕೆಲಸವು ಕೇರಿಯವನದಾದುದರಿಂದ ಅದು ಕೆಲಸವೆಂಬುದೇ ಹೊಳೆಯಲಿಲ್ಲ. ಜಾತಿಯನ್ನು ಕಳೆಯುವೆವೆಂದು ಹೊರಟ ಕೈಯಲ್ಲಿಯೇ ಜಾತಿಯ ಕಣ್ಣಿದ್ದಿತು. ಕರ್ನಾಟಕದಲ್ಲಿ ಇಂದು ಸುಮಾರು 36,000 ಕೆರೆಗಳಿವೆಯೆಂದು ಎಣಿಸುತ್ತಾರೆ. ಅವುಗಳಲ್ಲಿ ನಿತ್ಯವೂ ತೂಬಿನ ಬಳಿಗೆ ಹೋಗುವ ಹೊಣೆಯನ್ನು ಹೊತ್ತ, ಸಂಬಳವನ್ನು ಪಡೆಯುವ ಒಬ್ಬ ಮನುಷ್ಯನಿರುವ ಕೆರೆಗಳನ್ನು ಹುಡುಕಹೊರಟವರಿಗೆ ಬಹಳ ದೂರ ನಡೆಯಬೇಕಾಗುವುದು.

ಇದಕ್ಕೆ ಉತ್ತರವಾಗಿ ಇಲಾಖೆಯತ್ತ ಬೆರಳು ತೋರುವವರುಂಟು. ಅಚ್ಚುಕಟ್ಟು 40 ಹೆಕ್ಟೇರಿಗೆ ಮೀರಿದ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕೆ ಕಡಮೆಯಾದುವು ಜಿಲ್ಲಾ ಪಂಚಾಯತಿಯವು ಎಂಬ ವಿಭಾಗವು ಕಾಗದದ ಮೇಲೆ ಬಲು ಅಚ್ಚುಕಟ್ಟಾಗಿದೆ. ಇಂಜಿನಿಯರು ಏರಿಯ ಇಳಿಜಾರನ್ನು ಲೆಕ್ಕಹಾಕಬಲ್ಲನು, ತೂಬಿಗೆ ಕಬ್ಬಿಣದ ಬಾಗಿಲನ್ನು ಕೂಡಿಸಬಲ್ಲನು. ಅವನ ವಿದ್ಯೆಯನ್ನು ಹಳಿಯುವುದು ಮೂರ್ಖತನ. ಹಲವಾರು ಕೆರೆಗಳ ಭಾರವನ್ನು ಹೊತ್ತ ಆತನು ಕಾರ್ತಿಕದ ಒಂದು ರಾತ್ರಿಯಲ್ಲಿ ಎಲ್ಲ ಏರಿಗಳ ಮೇಲೂ ನಿಲ್ಲಲಾರನು ಎಂಬುದಷ್ಟೇ ಮಾತು. ಸಂಘಗಳನ್ನು ನೆಚ್ಚುವವರೂ ಇದ್ದಾರೆ. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದುವು. ಸಂಘವು ಸಭೆ ಸೇರಬಲ್ಲದು, ಠರಾವು ಬರೆಯಬಲ್ಲದು. ಸಭೆಗೆ ಕೈಯಿಲ್ಲ, ತೂಬಿಗೆ ಕೈ ಬೇಕು. ಅಪತಾನಿಗಳು ಕೂಟವನ್ನು ಕಟ್ಟಿಕೊಂಡು ಅಷ್ಟಕ್ಕೇ ಸುಮ್ಮನಾಗಲಿಲ್ಲ, ಕೂಟಕ್ಕೆ ಒಬ್ಬನನ್ನು ನಿಯಮಿಸಿದರು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಕೊಳವೆಬಾವಿಯಿರುವಾಗ ಕೆರೆಯೇಕೆ ಎಂಬ ವಾದವು ಇನ್ನೂ ವಿಚಿತ್ರವಾದುದು. ಕೊಳವೆಬಾವಿಯು ನೀರನ್ನು ಹುಟ್ಟಿಸುವ ಯಂತ್ರವಲ್ಲ. ಕೆರೆಯು ನೆಲಕ್ಕೆ ಇಳಿಸಿದುದನ್ನೇ ಅದು ಮೇಲೆತ್ತುವುದು. ಕೆರೆ ಬತ್ತಿದರೆ ಮೊದಲು ಒಣಗುವುದು ಬಡವನ ಆಳವಿಲ್ಲದ ಬಾವಿ, ಕೊನೆಗೆ ಒಣಗುವುದು ಹಣವಂತನ ಸಾವಿರ ಅಡಿಯ ಬಾವಿ. ತಲೆಗದ್ದೆ, ಬಾಲಗದ್ದೆಗಳ ಹಳೆಯ ಜಗಳವೇ ಈಗ ನೆಲದೊಳಕ್ಕೆ ಇಳಿದಿದೆ. ಅಲ್ಲಿ ಬಾಯಿ ಕಟ್ಟಿ ತಿರುಗಿಸುವ ನೀರುಗಂಟಿಯಿಲ್ಲ.

ಮಳೆ ಕಡಮೆಯಾದ ಸೀಮೆಯಲ್ಲಿ ಬತ್ತವನ್ನು ಬೆಳೆಯುವುದೇ ಅವಿವೇಕ, ರಾಗಿಯೊಂದೇ ಸಾಕು ಎಂಬ ಆಕ್ಷೇಪವು ಇವೆಲ್ಲಕ್ಕಿಂತ ತೂಕವುಳ್ಳದು. ಅದನ್ನು ಲಘುವಾಗಿ ತಳ್ಳಿಬಿಡಲಾಗದು. ಅರ್ಧ ತುಂಬಿದ ಕೆರೆಯ ಕೆಳಗೆ ಪೂರ್ತಿ ಬತ್ತವನ್ನು ನೆಟ್ಟು ತೆನೆಯ ಕಾಲದಲ್ಲಿ ಒಣಗಿಸಿಕೊಳ್ಳುವುದು ಅವಿವೇಕವೇ ಸರಿ. ಆದರೆ ಈ ವರ್ಷ ಬತ್ತವೋ ರಾಗಿಯೋ, ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ನೀರು ಎಂಬ ನಿರ್ಣಯವು ಒಬ್ಬೊಬ್ಬರ ಮನೆಯ ಜಗಲಿಯಲ್ಲಿ ಆಗತಕ್ಕುದಲ್ಲ. ತೆಲುಗು ಸೀಮೆಯಲ್ಲಿಯೂ ಅದರ ಗಡಿಗೆ ಹತ್ತಿದ ಕೋಲಾರದ ಕಡೆಯಲ್ಲಿಯೂ ನೀರು ಕಡಮೆಯಾದ ವರ್ಷ ತೂಬಿಗೆ ಸಮೀಪವಾದ ಭೂಮಿಯನ್ನಷ್ಟೇ ಉತ್ತು, ಅದನ್ನೇ ಎಲ್ಲ ಹಿಡುವಳಿದಾರರಿಗೂ ಅವರವರ ಗದ್ದೆಯ ಪ್ರಮಾಣದಲ್ಲಿ ಹಂಚಿಕೊಳ್ಳುವ ಪದ್ಧತಿಯಿದ್ದಿತು. ತಲೆಗದ್ದೆಯ ಒಡೆಯನು ತನ್ನ ಭೂಮಿಯನ್ನು ಒಂದು ವರ್ಷಕ್ಕೆ ಊರಿನ ಪಾಲಿಗೆ ಬಿಡುವನು! ಇಂದಿನ ಪಹಣಿಯ ಯುಗದಲ್ಲಿ ಇದು ಪುರಾಣದಂತೆ ಕೇಳಿಸಬಹುದು. ಕೆರೆಯ ನೀರನ್ನು ಅಳೆದು ಹೇಳುವವನೂ ಅವನ ಮಾತಿಗೆ ಬೆಲೆಯೂ ಇದ್ದಾಗ ಇದು ಸಾಧ್ಯವಾಯಿತು. ನೀರುಗಂಟಿಯಿದ್ದ ಕೆರೆಯು ‘ಈ ವರ್ಷ ಬತ್ತ ಬೇಡ’ ಎಂದು ಹೇಳಬಲ್ಲದು. ಅವನಿಲ್ಲದ ಕೆರೆಯು ಹೇಳಲಾರದು.

ತಳಿಗಳ ವಿಷಯವೂ ಇದಕ್ಕೇ ಸೇರುವುದು. ಕಾವೇರಿಯ ಆಚೆ, ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ಬಗೆಯ ಬತ್ತದ ಬೀಜಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದು ಸ್ತುತ್ಯವಾದ ಕೆಲಸ. ಪಟ್ಟಣದಿಂದ ಜನರು ಹೋಗಿ ನೋಡಿ ಬರುತ್ತಾರೆ. ಆದರೆ ಐದಾರು ತಿಂಗಳ ಬತ್ತಕ್ಕೆ ಐದಾರು ತಿಂಗಳ ನೀರಿನ ಭರವಸೆ ಬೇಕು. 1966ರಲ್ಲಿ ಐಆರ್ 8 ಎಂಬ ಗಿಡ್ಡ ತಳಿಯು ಬಂದ ಮೇಲೆ ನಾಲ್ಕು ತಿಂಗಳ ಚಿಲ್ಲರೆಯಲ್ಲಿ ಕೈಗೆ ಬರುವ ಬತ್ತಗಳು ಹರಡಿದುವು. ಹಳೆಯ ಬತ್ತವನ್ನು ರೈತನು ಬಿಟ್ಟುದು ಇಳುವರಿಯ ಆಸೆಯೊಂದರಿಂದಲೇ ಅಲ್ಲ. ಪುಷ್ಯಮಾಸದವರೆಗೂ ತೂಬಿನಲ್ಲಿ ನೀರು ಬಂದೀತೆಂದು ಮಾತು ಕೊಡುವವನು ಯಾರೂ ಇಲ್ಲದಿದ್ದಾಗ, ಬೇಗ ಕೊಯ್ಲಿಗೆ ಬರುವುದನ್ನು ಬಿತ್ತುವುದೇ ಜಾಣತನವೆನಿಸಿತು.

ಅಪತಾನಿಗಳನ್ನು ಮತ್ತೆ ನೆನೆಯುವುದಾದರೆ, ಅವರ ಕಣಿವೆಯೂ ಸತ್ಯಯುಗದ ತುಣುಕಲ್ಲ. 1944-45ರಲ್ಲಿ ಅಲ್ಲಿದ್ದು ಅವರ ಜೀವನವನ್ನು ವಿವರವಾಗಿ ಬರೆದಿಟ್ಟ ಫ್ಯೂರರ್-ಹೈಮೆಂಡಾರ್ಫರು ಆ ಸಮಾಜದಲ್ಲಿ ಒಡೆಯರ ಕುಲಗಳನ್ನೂ ದಾಸರ ಕುಲಗಳನ್ನೂ ಕಂಡರು; ಮಿತೆ ಮತ್ತು ಮುರ ಎಂಬ ಈ ಭೇದವು ಹುಟ್ಟಿನಿಂದಲೇ ಬಂದುದು. ಹುಡುಗರೂ ಹುಡುಗಿಯರೂ ‘ಪತಾಂಗ್’ ಎಂಬ ತಂಡಗಳಾಗಿ ಗದ್ದೆಗಳಲ್ಲಿ ಸರದಿಯಂತೆ ದುಡಿಯುವುದನ್ನು ವರ್ಣಿಸಿದವರೂ ಅವರೇ. ಗುಲಾಮಗಿರಿಯು ಹೋಯಿತು, ಕಾಲುವೆಯ ಕೂಟವು ಹೋಗಬೇಕಾಗಿ ಬರಲಿಲ್ಲ. ಜನ್ಮದ ಕಟ್ಟು ಬೇರೆ, ಕೆಲಸದ ಕಟ್ಟು ಬೇರೆ ಎಂಬುದಕ್ಕೆ ಹೊಗಳುವವರು ತಾವೇ ಹೊತ್ತು ತಂದ ಉದಾಹರಣೆಯಲ್ಲಿ ಸಾಕ್ಷಿಯಿದೆ.

ಪ್ರಕೃತದಲ್ಲಿ ಈ ಮಾತು ಬರಿಯ ಚರಿತ್ರೆಯಲ್ಲ. ಹನೂರು ಸೀಮೆಯ ಗುಂಡಾಲ್, ಹುಬ್ಬೆಹುಣಸೆ, ರಾಮನಗುಡ್ಡಗಳ ಜಲಾಶಯಗಳಿಗೆ ಕಾವೇರಿಯಿಂದ ನೀರನ್ನೆತ್ತಿ ತುಂಬಿಸುವ ಯೋಜನೆಯನ್ನು ಸರ್ಕಾರವು ಕೈಗೊಂಡಿತು. ಯಂತ್ರಕ್ಕೆ ಹಣ, ಕೊಳವೆಗೆ ಹಣ, ವಿದ್ಯುತ್ತಿಗೆ ಹಣ. ನದಿಯನ್ನು ಬೆಟ್ಟದ ಬುಡಕ್ಕೆ ಏರಿಸಬಲ್ಲ ವಿದ್ಯೆಯು, ಏರಿಸಿದ ನೀರನ್ನು ಬಾಲದ ಗದ್ದೆಗೆ ಇಳಿಸುವವನಾರು ಎಂದು ಕೇಳಿಕೊಳ್ಳದಿದ್ದರೆ, ಆ ನೀರೂ ತೂಬಿನಿಂದ ಮೊದಲ ನಾಲ್ಕು ಗದ್ದೆಗಳನ್ನು ದಾಟಲಾರದು.

ಬೇಕಾದುದು ಇಷ್ಟೆ. ಅಚ್ಚುಕಟ್ಟುಳ್ಳ ಪ್ರತಿಯೊಂದು ಕೆರೆಗೂ ಒಬ್ಬ ನೀರುಗಂಟಿ. ಯಾವ ಜಾತಿಯವರಾದರೂ ಸರಿ, ಗಂಡಸಾದರೂ ಹೆಂಗಸಾದರೂ ಸರಿ. ಆಯ್ಕೆಯು ಅಚ್ಚುಕಟ್ಟಿನವರದು, ನೇಮಕದ ಆದೇಶವು ಪಂಚಾಯತಿಯದು. ಸಂಬಳವು ತಿಂಗಳ ಮೊದಲಲ್ಲಿ ಕೈಗೆ ಬರತಕ್ಕದ್ದು. ಕಣದಲ್ಲಿ ಕೈಯೊಡ್ಡಿ ಪಡೆಯುವ ಕಂತೆಯಾಗಿರಕೂಡದು. ಅರ್ಧವನ್ನು ಗದ್ದೆಯವರು ಎಕರೆಗೆ ಇಷ್ಟೆಂದು ಕೊಡಲಿ, ಅರ್ಧವನ್ನು ಸರ್ಕಾರವು ಕೊಡಲಿ. ಪಟ್ಟಣದಲ್ಲಿ ನೆಲಸಿ, ಹಳ್ಳಿಯ ಗದ್ದೆಯ ಅಕ್ಕಿಯನ್ನು ಸಂಕ್ರಾಂತಿಗೆ ತರಿಸಿಕೊಳ್ಳುವ ವಿದ್ಯಾವಂತರ ಮನೆಗಳು ಈ ಕಾಣಿಕೆಯಲ್ಲಿ ಹಿಂದೆ ಬೀಳಲಾಗದು. ಜಿರೋ ಕಣಿವೆಯ ಚಿತ್ರಪಟಕ್ಕೆ ಚೌಕಟ್ಟು ಹಾಕಿಸುವುದಕ್ಕಿಂತ ಇದಕ್ಕೆ ಖರ್ಚು ಹೆಚ್ಚಾಗುವುದೇನೋ ನಿಜ.

ಇದು ಅಸಾಧ್ಯವೆನ್ನುವವರು ತಮ್ಮ ಹಳ್ಳಿಯ ಪಂಚಾಯತಿಯ ಕಚೇರಿಗೆ ಒಮ್ಮೆ ಹೋಗಿ ನೌಕರರ ಪಟ್ಟಿಯನ್ನು ನೋಡಬಹುದು. ಕುಡಿಯುವ ನೀರಿನ ಮೋಟಾರನ್ನು ನಡೆಸುವುದಕ್ಕೂ, ಬೆಳಿಗ್ಗೆ ಬೀದಿಬೀದಿಯ ಕೊಳಾಯಿಗೆ ಸರದಿಯಂತೆ ನೀರನ್ನು ತಿರುಗಿಸುವುದಕ್ಕೂ ಅಲ್ಲಿ ಸಂಬಳದ ಮನುಷ್ಯನಿದ್ದಾನೆ. ಸಂಬಳವು ಅಲ್ಪವೆಂಬುದೂ ಅದು ಕಾಲಕ್ಕೆ ಬಾರದೆಂಬುದೂ ಬೇರೆ ಜಗಳ. ಕೆಲವರು ಅವನನ್ನು ವಾಟರ್‌ಮನ್ ಎನ್ನುತ್ತಾರೆ. ಹಳ್ಳಿಯ ಹೆಂಗಸರು ಕೊಡವನ್ನು ಹಿಡಿದು ನಿಂತು, ನೀರು ತಡವಾದಾಗ ಅವನನ್ನು ಕೂಗುವುದು ನೀರುಗಂಟಿ ಎಂದೇ.